ಪದಚರ್ಚೆ: ‘ಮೊರೆ’ – ತುಂಬಿಗೆ, ಕಡಲಿಗೆ, ಫ್ರಿಜ್ಜಿಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಕಟಪಾಡಿಯ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಕಳೆದ ಮಳೆಗಾಲದಿಂದ ನನಗೊಂದು ಹುಚ್ಚು ಹಿಡಿದಿದೆ. ಅಡುಗೆಮನೆ, ಬಚ್ಚಲು, ಬಾವಿಕಟ್ಟೆ, ಮಾಡು (ಮನೆಯ ಸೂರು), ಎಲ್ಲೆಲ್ಲಿ ಏನೇನು ಸದ್ದಾಗುತ್ತದೆಯೋ ಅದನ್ನೆಲ್ಲ ಅಂಗೈಯಷ್ಟು ದೊಡ್ಡ ರೆಕಾರ್ಡರಿನಲ್ಲಿ ಹಿಡಿಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಎಳೆದು, ತಗ್ಗಿಸಿ, ಒಂದರ ಮೇಲೊಂದು ಹಾಸಿ, ತಾಳವೂ ಪಲ್ಲವಿಯೂ ಇಲ್ಲದ ಒಂದು ಬಗೆಯ ಸಂಗೀತ ಮಾಡುವುದು. ಆಂಬಿಯೆಂಟ್ ಎಂದು ಇಂಗ್ಲಿಷಿನವರು ಕರೆಯುವುದು ಇದನ್ನೇ. ಬರುವ ತಿಂಗಳು ನಮ್ಮ ಚಾವಡಿಯಲ್ಲೇ ನೆಂಟರಿಗೂ ನೆರೆಕರೆಯವರಿಗೂ ಕೇಳಿಸುವುದೆಂದು ಆಗಿದೆ. ಅದಕ್ಕಾಗಿ ಒಂದು ಹಾಳೆಯಷ್ಟು ಕನ್ನಡ ವಿವರಣೆ ಬರೆಯಲು ಕುಳಿತವನು ಮೂರನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಸಿಕ್ಕಿಕೊಂಡದ್ದನ್ನು ನೋಡಿ ದೊಡ್ಡಮ್ಮ ಕೇಳಿದರು: “ಎಂತ ಹುಡುಕುವುದು ನೀನು?”

“ಶಬ್ದ.”

“ಇನ್ನೂ ಮುಗಿಯಲಿಲ್ಲವೇ ನಿನ್ನ ರೆಕಾರ್ಡು?”

“ಆ ಶಬ್ದ ಅಲ್ಲ ದೊಡ್ಡಮ್ಮ, ಬರೆಯುವ ಶಬ್ದ.”

ಕರಾವಳಿಯವರಿಗೆ ಈ ತೊಡಕು ಹೊಸದಲ್ಲ. ಘಟ್ಟದ ಮೇಲಿನವರು ‘ಸದ್ದು’, ‘ಸಪ್ಪಳ’ ಎನ್ನುವಲ್ಲಿ ನಾವು ಹೆಚ್ಚಾಗಿ ‘ಶಬ್ದ’ ಎನ್ನುತ್ತೇವೆ. ನಿಘಂಟಿನಲ್ಲಿರುವುದೂ ಶಬ್ದವೇ, ಮಾಡಿನ ಮೇಲೆ ತೆಂಗಿನ ಮಡಲು ಬಿದ್ದಾಗ ಆಗುವುದೂ ಶಬ್ದವೇ. ನನಗೆ ಬೇಕಾದದ್ದು ಶಬ್ದಕ್ಕೊಂದು ಶಬ್ದ. (ನಮ್ಮದು ಕುಂದಾಪುರದ ಕಡೆಯಿಂದ ಬಂದ ಮನೆ. ದೊಡ್ಡಮ್ಮನ ಮಾತನ್ನು ಬರಹಗನ್ನಡಕ್ಕೆ ತಿರುಗಿಸಿ ಕೊಟ್ಟಿದ್ದೇನೆ, ರುಚಿ ಸ್ವಲ್ಪ ಕಡಿಮೆಯಾಗಿದ್ದರೆ ತಪ್ಪು ನನ್ನದು.)

ಮೊದಲು ‘ಆಂಬಿಯೆಂಟ್’ ವಿಚಾರ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಸುತ್ತಲೂ ಹೋಗುವುದು, ಸುತ್ತುವರಿಯುವುದು. ಸಂಗೀತಕ್ಕೆ ಈ ಹೆಸರನ್ನು ಗಟ್ಟಿ ಮಾಡಿದವನು ಬ್ರಿಟನ್ನಿನ ಬ್ರಯನ್ ಈನೊ, 1978ರಲ್ಲಿ. ಗಮನ ಕೊಟ್ಟು ಕೇಳಿದರೂ ನಡೆಯಬೇಕು, ಕಿವಿಯ ಮೇಲೆ ಹಾಕಿಕೊಳ್ಳದೆ ನಮ್ಮ ಕೆಲಸ ನಾವು ಮಾಡಿಕೊಂಡಿದ್ದರೂ ನಡೆಯಬೇಕು, ಅಂಥ ಸಂಗೀತ ಎಂಬುದು ಅವನ ವಿವರಣೆಯ ಸಾರ. ಅದಕ್ಕೂ ಅರುವತ್ತು ವರ್ಷ ಮೊದಲು, 1917ರಲ್ಲಿ, ಫ್ರಾನ್ಸಿನ ಎರಿಕ್ ಸಾತಿ ಇದೇ ಜಾತಿಯದನ್ನು ‘ಪೀಠೋಪಕರಣ ಸಂಗೀತ’ ಎಂದು ಕರೆದಿದ್ದ: ಕುರ್ಚಿ ಮೇಜುಗಳ ಹಾಗೆ ಕೋಣೆಯಲ್ಲಿ ಸುಮ್ಮನೆ ಇರುವಂಥದ್ದು. ನಮ್ಮವರಿಗೆ ಇದನ್ನು ವಿವರಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೈಲಿನ ಆಚೆಬದಿಯಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನಡೆಯುವಾಗ ಮನೆಯಲ್ಲಿ ಮಲಗಿದವರ ಕಿವಿಗೆ ಗಾಳಿ ತಿರುಗಿದಾಗಲೊಮ್ಮೆ ಬರುವ ಚೆಂಡೆ, ಭಾಗವತರ ಒಂದು ಎಳೆ, ಮತ್ತೆ ಏನೂ ಇಲ್ಲ. ಯಾವ ಪ್ರಸಂಗ ಎಂದು ಗೊತ್ತಾಗುವುದಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಈನೊ ಹೇಳಿದ್ದು ಅದನ್ನೇ.

ಆದರೆ ಹೆಸರು? ‘ಪರಿಸರ ಸಂಗೀತ’ ಎಂದರೆ ಜೂನ್ 5ರಂದು ಶಾಲೆಯ ಮಕ್ಕಳು ಗಿಡ ನೆಟ್ಟು ಹಾಡುವ ಹಾಡು ಎಂದೇ ಜನ ತಿಳಿಯುತ್ತಾರೆ. ‘ಹಿನ್ನೆಲೆ ಸಂಗೀತ’ವನ್ನು ಸಿನಿಮಾದವರು ಆಗಲೇ ತೆಗೆದುಕೊಂಡಾಗಿದೆ; ಅದಕ್ಕೆ ಮುನ್ನೆಲೆ ಒಂದು ಬೇಕು, ನನ್ನಲ್ಲಿ ಹಿನ್ನೆಲೆಯೇ ಎಲ್ಲ. ‘ವಾತಾವರಣ ಸಂಗೀತ’ ಹವಾಮಾನ ವರದಿಯ ಹಾಗೆ ಕೇಳುತ್ತದೆ. ‘ಪರಿವೇಷ’ ಎಂಬ ಚೆಂದದ ಪದ ಇದೆ, ಚಂದ್ರನ ಸುತ್ತ ಕಾಣುವ ಬೆಳಕಿನ ಬಳೆ. ಅರ್ಥ ಲ್ಯಾಟಿನ್ನಿಗೆ ಸರಿಯಾಗಿ ಕೂರುತ್ತದೆ. ಆದರೆ ಕುಕ್ಕರಿನ ಸೀಟಿಯಿಂದ ಮಾಡಿದ್ದಕ್ಕೆ ಪರಿವೇಷ ಸಂಗೀತ ಎಂದರೆ ಮುಂಡಾಸು ಕಟ್ಟಿಕೊಂಡು ಪಾತ್ರೆ ತೊಳೆಯಲು ಹೋದಂತೆ.

ಬಿಡಿಬಿಡಿಯಾದ ಪರಿಭಾಷೆಗಳಲ್ಲಿ ನನಗೆ ಅಷ್ಟು ಕಷ್ಟವಾಗಲಿಲ್ಲ, ಅಡುಗೆಮನೆಯೇ ಕೊಟ್ಟಿತು. ದನಿಯನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಿಂದ ಹತ್ತರ ಒಂದು ಪಾಲಿನವರೆಗಿನ ಚೂರುಗಳಾಗಿ ಒಡೆದು, ಮೋಡದ ಹಾಗೆ ಎರಚುವ ಒಂದು ವಿಧಾನವಿದೆ, ಗ್ರಾನ್ಯುಲರ್ ಎನ್ನುತ್ತಾರೆ. ‘ಕಣ’ ಎಂದರೆ ಭೌತವಿಜ್ಞಾನದ ವಾಸನೆ ಹೊಡೆಯುತ್ತದೆ. ನಾನು ‘ನುಚ್ಚು’ ಎಂದು ಬರೆದಿದ್ದೇನೆ. ಅಕ್ಕಿ ಒಡೆದರೆ ನುಚ್ಚು, ದನಿ ಒಡೆದರೂ ನುಚ್ಚು. ಇದಕ್ಕೆ ಯಾರ ಆಕ್ಷೇಪವಿದ್ದರೂ ನಾನು ಬದಲಿಸುವುದಿಲ್ಲ. ‘ಸ್ಯಾಂಪಲ್’ ಮಾತ್ರ ಕಾಡಿಸಿತು. ‘ಮಾದರಿ’ ಎಂದರೆ ರಕ್ತ ಪರೀಕ್ಷೆ. ‘ಅಗುಳು’ ಹೊಳೆಯಿತು: ಅನ್ನ ಬೆಂದಿತೇ ಎಂದು ನೋಡಲು ಹಿಚುಕುವ ಒಂದು ಅಗುಳು. ಎರಡು ದಿನ ಬೀಗಿದೆ. ಆಮೇಲೆ ತಪ್ಪು ತಿಳಿಯಿತು. ಅಗುಳು ಇಡೀ ಪಾತ್ರೆಯ ಪರವಾಗಿ ಮಾತಾಡುತ್ತದೆ. ಸಮೀಕ್ಷೆಯವರಿಗೆ ಅದು ಒಳ್ಳೆಯ ಪದ. ಸಂಗೀತದ ಸ್ಯಾಂಪಲ್ ಯಾರ ಪ್ರತಿನಿಧಿಯೂ ಅಲ್ಲ, ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ನೆಟ್ಟು ಬೆಳೆಸುವಂಥದ್ದು, ಶಂಕರಪುರದ ಮಲ್ಲಿಗೆಯ ಗೆಲ್ಲಿನ ಹಾಗೆ. ‘ಗೆಲ್ಲು’ ಎಂದರೆ ಕೊಂಬೆ, ನಮ್ಮ ಕಡೆ ಮನೆಮಾತು, ಆದರೆ ಬೆಂಗಳೂರಿನವರು ಓದಿದರೆ ಯಾವ ಪಂದ್ಯ ಎಂದು ಕೇಳಿಯಾರು. ಸದ್ಯ ‘ತುಣುಕು’ ಎಂದಿಟ್ಟಿದ್ದೇನೆ, ಮನಸ್ಸಿಲ್ಲದೆ.

ಈ ಹುಡುಕಾಟದ ನಡುವೆ ನಮ್ಮ ಅನುಕರಣ ಪದಗಳ ಹತ್ತಿರ ಬಂದೆ. ಬಳಗದಲ್ಲಿ ಇದರ ಚರ್ಚೆ ಮೊದಲೂ ಆಗಿರಬಹುದು, ಆದರೆ ಇವುಗಳನ್ನು ಕಿವಿಯ ಕಡೆಯಿಂದ ನೋಡಿದ್ದು ನನಗೆ ಹೊಸತು. ಫೈಲುಗಳಿಗೆ ಹೆಸರಿಡುವಾಗ ‘ರಾಟೆ 1’, ‘ರಾಟೆ 2’ ಎಂದು ಬರೆಯುತ್ತಿದ್ದವನು ಬೇಸತ್ತು ಕೇಳಿದ ಸದ್ದನ್ನೇ ಬರೆಯತೊಡಗಿದೆ: ‘ರಾಟೆ ಕಿರ್ರ್’, ‘ಕೊಡಪಾನ ಗುಳುಗುಳು’, ‘ಗಂಜಿ ಕೊತಕೊತ’, ‘ಒಗ್ಗರಣೆ ಚೊಂಯ್’. ಒಂದು ತಿಂಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಿಲಿಗಿಲಿ, ಗಲಗಲ, ಗುಲುಗುಲು: ವ್ಯಂಜನ ಒಂದೇ, ಸ್ವರ ಮಾತ್ರ ಇಳಿಯುತ್ತ ಹೋಗುತ್ತದೆ. ಗಿಲಿಗಿಲಿ ಸಣ್ಣ ಗೆಜ್ಜೆ, ಗಲಗಲ ಬಳೆ, ಗುಲುಗುಲು ಎಂದರೆ ನೀರೊಳಗೋ ಗೋಡೆಯಾಚೆಗೋ ಆಗುವ ಸದ್ದು. ಕಿಣಿಕಿಣಿ ಗಣಗಣಗಳಲ್ಲೂ ಹಾಗೆಯೇ. ಕಾರಣ ಬಾಯಿಯಲ್ಲಿದೆ. ‘ಇ’ ಎನ್ನುವಾಗ ಬಾಯಿ 2000 ಹರ್ಟ್ಸಿಗೂ (ಸೆಕೆಂಡಿಗೆ 2000 ಕಂಪನಕ್ಕೂ) ಮೇಲಿನ ಭಾಗವನ್ನು ಎತ್ತಿ ಹಿಡಿಯುತ್ತದೆ. ‘ಉ’ ಎನ್ನುವಾಗ ಬಲವೆಲ್ಲ 1000ದ ಕೆಳಗೆ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ನಾನು ಗುಂಡಿ ತಿರುಗಿಸಿ ಮೇಲಿನ ದನಿಗಳನ್ನು ಸೋಸಿ ತೆಗೆಯುತ್ತೇನಲ್ಲ, ಕನ್ನಡ ಅದನ್ನು ಒಂದು ಗುಣಿತಾಕ್ಷರ ಬದಲಿಸಿ ಮಾಡುತ್ತದೆ.

ಶಾಲೆಯಲ್ಲಿ ಮೇಷ್ಟರು ಒತ್ತಿ ಹೇಳುತ್ತಿದ್ದ ಮಾತೊಂದು ಈಗ ಉಪಯೋಗಕ್ಕೆ ಬಂತು. ‘ಬೇಗಬೇಗ’ ದ್ವಿರುಕ್ತಿ, ಏಕೆಂದರೆ ‘ಬೇಗ’ ಒಂದೇ ನಿಂತರೂ ಅರ್ಥವಿದೆ. ‘ಚಟಚಟ’ ದ್ವಿರುಕ್ತಿಯಲ್ಲ, ಅನುಕರಣಾವ್ಯಯ. ಅರ್ಧ ಕತ್ತರಿಸಿದರೆ ಉಳಿಯುವ ‘ಚಟ’ ಬೇರೆಯೇ ಅರ್ಥದ್ದು, ಅದು ಬೀಡಿ ಸೇದುವವರ ವಿಷಯ. ಅಂದರೆ ಇಲ್ಲಿ ತಿರುಗಿ ಬರುವುದೇ ಅರ್ಥ. ಒಂದೇ ತುಣುಕು ತಿರುಗಿ ತಿರುಗಿ ಬರುವ ಇಂಗ್ಲಿಷಿನ ‘ಲೂಪ್’ ಎಂಬುದಕ್ಕೆ ‘ಕುಣಿಕೆ’ ಎಂದು ಯಾರೋ ಸೂಚಿಸಿದರು, ಅದು ನೇಣಿನ ನೆನಪು ತರುತ್ತದೆ. ತಾಳದವರ ‘ಆವರ್ತ’ ಇರುವಾಗ ಬೇರೆ ಬೇಕೆಂದು ನನಗನ್ನಿಸುವುದಿಲ್ಲ.

ಇನ್ನೊಂದು ಮಾತು, ವಿಷಯಾಂತರವಾದರೂ ಹೇಳಿಬಿಡುತ್ತೇನೆ. ಆಟಿ ತಿಂಗಳ ಮಳೆ ಹಂಚಿನ ಮೇಲೆ ಒಂದೇ ಸಮನೆ ‘ಧೋ’ ಎಂದು ಸುರಿಯುವಾಗ ಆಗುವುದು ಇಂಗ್ಲಿಷಿನವರ ‘ವೈಟ್ ನಾಯ್ಸ್’ನ ಹತ್ತಿರದ್ದು. ಎಲ್ಲ ಬಣ್ಣ ಸೇರಿದರೆ ಬಿಳಿ ಬೆಳಕು, ಎಲ್ಲ ಕಂಪನಗಳೂ ಸಮನಾಗಿ ಸೇರಿದರೆ ಬಿಳಿ ಸದ್ದು ಎಂಬ ಹೋಲಿಕೆಯಿಂದ ಆ ಹೆಸರು. ಕನ್ನಡದಲ್ಲಿ ‘ಬಿಳಿ ಸದ್ದು’ ಎಂದು ಬರೆದರೆ ಅಕ್ಷರಾನುವಾದ ಎಂದು ನಗುವಿರೇನೋ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನನ್ನು ನೋಡಿ: ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಕಹಳೆಯ ಹಾಗೆ ಹುಟ್ಟುವ ಶಬ್ದದ್ರವ್ಯದ ಬಣ್ಣ ಶ್ವೇತ ಎಂದೇ ಹೇಳಿದ್ದಾನೆ. ಅವನ ಲೆಕ್ಕದ ಬಿಳಿ ಬೇರೆ, ಈ ಬಿಳಿ ಬೇರೆ. ಆದರೂ ಹಿಂದಿನವರ ಆಧಾರಕ್ಕೆ ಅಷ್ಟು ಸಾಕು.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ.

ನನ್ನ ಹೆಚ್ಚಿನ ರಚನೆಗಳ ತಳದಲ್ಲಿ ಒಂದು ಉದ್ದನೆಯ ದನಿ ಇರುತ್ತದೆ, ಡ್ರೋನ್ ಎನ್ನುತ್ತಾರೆ. (ಈಚೆಗೆ ಆ ಪದ ಹೇಳಿದರೆ ಮದುವೆಯ ವಿಡಿಯೊ ತೆಗೆಯುವ ಹಾರುವ ಯಂತ್ರ ಎಂದು ಎಲ್ಲರೂ ಆಕಾಶ ನೋಡುತ್ತಾರೆ.) ಅದು ಸಿಕ್ಕಿದ್ದು ನಮ್ಮ ಫ್ರಿಜ್ಜಿನಿಂದ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತಗಳದ್ದು. ಪ್ರತಿ ಆವರ್ತದಲ್ಲಿ ಮೋಟಾರಿನ ಕಾಂತಬಲ ಎರಡು ಸಲ ಏರುವುದರಿಂದ ಕಿವಿಗೆ ಮುಖ್ಯವಾಗಿ ಬೀಳುವುದು 100 ಹರ್ಟ್ಸ್. ಬಿಳಿ ಒಂದರ (ಹಾರ್ಮೋನಿಯಮ್ಮಿನ ಮೊದಲ ಬಿಳಿ ಮನೆಯ) ಶ್ರುತಿಯಲ್ಲಿ ಮಂದ್ರ ಪಂಚಮ, ಅಂದರೆ ಕೆಳಸ್ಥಾಯಿಯ ‘ಪ’, 98 ಹರ್ಟ್ಸ್. ಅಂದರೆ ನಮ್ಮ ಅಡುಗೆಮನೆಯಲ್ಲಿ ಹಗಲು ರಾತ್ರಿ ಯಾರೋ ಪಂಚಮ ಹಿಡಿದು ಕುಳಿತಿದ್ದಾರೆ, ಒಂದು ಕೂದಲು ಮೇಲಕ್ಕೆ. ನೂರಕ್ಕೆ ಎರಡರಷ್ಟು ನಿಧಾನಿಸಿದರೆ ಹಾರ್ಮೋನಿಯಮ್ಮಿಗೆ ಸೇರಿಕೊಳ್ಳುತ್ತದೆ. ಈ ಸಂಗತಿ ಗೊತ್ತಾಗುವ ಮೊದಲು ಬೇರೆ ಸದ್ದುಗಳನ್ನು ಹಿಡಿಯುವಾಗ ಅಡ್ಡ ಬರುತ್ತದೆಂದು ಫ್ರಿಜ್ ಆರಿಸುತ್ತಿದ್ದೆ. ಒಂದು ರಾತ್ರಿ ಮತ್ತೆ ಹಾಕಲು ಮರೆತು ಎರಡು ಲೀಟರ್ ಹಾಲು ಕೆಟ್ಟು, ಒಂದು ವಾರ ಅಡುಗೆಮನೆಗೆ ನನಗೆ ಪ್ರವೇಶವಿರಲಿಲ್ಲ.

ಈ ದನಿಗೆ ಏನೆನ್ನುವುದು? ‘ಶ್ರುತಿ’ ಎಂದರೆ ಅರ್ಧ ಸರಿ. ಯಕ್ಷಗಾನದಲ್ಲಿ ಮೊದಲು ಪುಂಗಿ, ಆಮೇಲೆ ಹಾರ್ಮೋನಿಯಂ, ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುವ ಕೆಲಸ ಅದು. ಆದರೆ ಶ್ರುತಿ ಎಂದ ಮೇಲೆ ಅದರ ಮೇಲೆ ಹಾಡುವವರು ಬರಬೇಕು. ನನ್ನಲ್ಲಿ ಯಾರೂ ಬರುವುದಿಲ್ಲ. ‘ಝೇಂಕಾರ’ ಕವಿಗಳ ಕೈಯಲ್ಲಿ ಸಿಕ್ಕಿ ಸಿಹಿಯಾಗಿಬಿಟ್ಟಿದೆ. ‘ಗುಂಯ್‌ಗುಟ್ಟು’ ಸೊಳ್ಳೆಗೆ ಸಲ್ಲುತ್ತದೆ, ನೂರು ಹರ್ಟ್ಸಿನ ಭಾರ ಅದಕ್ಕಿಲ್ಲ.

ಪದ ಕೊಟ್ಟವರು ದೊಡ್ಡಮ್ಮ. ಫ್ರಿಜ್ಜಿನ ದನಿಯನ್ನು ಅರ್ಧ ವೇಗಕ್ಕೆ ಇಳಿಸಿ, ಅಂದರೆ ಪೂರ್ತಿ ಒಂದು ಸ್ಥಾಯಿ ಕೆಳಗೆ ತಂದು, ಮಾಡಿನ ಮಳೆಯನ್ನು ತೆಳ್ಳಗೆ ಅದರ ಮೇಲೆ ಹಾಸಿ ಅವರಿಗೆ ಕೇಳಿಸಿದೆ. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕುಳಿತಿದ್ದರು. “ಕಡಲು ಮೊರೆಯುವ ಹಾಗೆ ಉಂಟು” ಎಂದರು. “ಹೈವೇ ಇಷ್ಟು ದೊಡ್ಡದಾಗುವ ಮೊದಲು ಮಳೆಗಾಲದ ರಾತ್ರಿ ಇಲ್ಲಿಗೇ ಕೇಳುತ್ತಿತ್ತು. ಈಗ ಕಡಲು ಯಾವುದು, ಲಾರಿ ಯಾವುದು ಎಂದು ಗೊತ್ತಾಗುವುದಿಲ್ಲ.” ಅವರು ಹೇಳಿದ್ದು ಸರಿ. ಮಟ್ಟು ಕಡಲತಡಿ ನಮ್ಮಿಂದ ದೂರವಿಲ್ಲ, ಹೆದ್ದಾರಿ 66 ಇನ್ನೂ ಹತ್ತಿರ. ಒದ್ದೆ ರಸ್ತೆಯ ಮೇಲೆ ಲಾರಿಯ ಟಯರು, ದೂರದ ಅಲೆ, ಎರಡನ್ನೂ ರೆಕಾರ್ಡರಿನಲ್ಲಿ ಹಿಡಿದು ಪರದೆಯ ಮೇಲೆ ನೋಡಿದರೆ ಎರಡೂ ಒಂದೇ ಥರದ ಬೂದು ಹಾಸು.

‘ಮೊರೆ’ ಎಂಬ ಕ್ರಿಯಾಪದ ಅಂದಿನಿಂದ ತಲೆಯಲ್ಲಿ ಕುಳಿತಿದೆ. ಹಳಗನ್ನಡ ಕಾವ್ಯಗಳಲ್ಲಿ ಮೊರೆಯುವುದು ತುಂಬಿ. ಇಂದಿನ ಬರಹದಲ್ಲಿ ಮೊರೆಯುವುದು ಕಡಲು. ಹೂವಿನ ಮೇಲೆ ಕೂರುವ ಹುಳುವಿಗೂ ಅರಬ್ಬಿ ಸಮುದ್ರಕ್ಕೂ ಒಂದೇ ಕ್ರಿಯಾಪದ! ಗಾತ್ರವನ್ನು ಗಣನೆಗೇ ತೆಗೆದುಕೊಳ್ಳದ ಪದ. ಕಡಿಯದೆ, ಒಡೆಯದೆ, ಎಡೆಬಿಡದೆ ಬರುವುದಷ್ಟೇ ಅದಕ್ಕೆ ಮುಖ್ಯ. ಡ್ರೋನ್ ಎಂಬುದಕ್ಕೂ ಮೂಲದಲ್ಲಿ ಗಂಡು ಜೇನೇ ಇರುವುದನ್ನು ನೆನೆದರೆ ಹೊಂದಿಕೆ ಇನ್ನೂ ಚೆನ್ನಾಗಿದೆ. ತಳದ ಉದ್ದನೆಯ ದನಿಗೆ ‘ಮೊರೆ’ ಅಥವಾ ‘ಮೊರೆತ’, ಈ ಬಗೆಯ ಸಂಗೀತಕ್ಕೇ ‘ಮೊರೆಸಂಗೀತ’ ಎಂದರೆ ಹೇಗೆ?

ನನಗಿರುವ ಹಿಂಜರಿಕೆಗಳು ಇವು. ಪತ್ರಿಕೆಗಳ ಭಾಷೆಯಲ್ಲಿ ಕಡಲ ಮೊರೆತ ಎಂದರೆ ಅಬ್ಬರವೇ ಆಗಿಬಿಟ್ಟಿದೆ, ಮೆಲುದನಿಯ ಅರ್ಥ ಓದುಗರಿಗೆ ತಲುಪೀತೇ? ‘ಮೊರೆ ಹೋಗು’, ‘ಮೊರೆಯಿಡು’ ಎಂಬಲ್ಲಿನ ಮೊರೆ ಎದುರು ಬಂದು, ಕೇಳುಗರು ಯಾರೋ ಅಳುತ್ತಿದ್ದಾರೆಂದು ತಿಳಿದಾರೇ? ಹಳಗನ್ನಡ ಬಲ್ಲವರು ಈ ಎರಡು ಮೊರೆಗಳ ರೇಫ ಒಂದೇ ಬಗೆಯದೋ, ಒಂದರಲ್ಲಿ ಶಕಟರೇಫವೋ (ಹಳಗನ್ನಡದ ಱ) ಎಂಬುದನ್ನು ತಿಳಿಸಿದರೆ ಉಪಕಾರ. ತುಳು ಬಲ್ಲವರಿಂದ ಇನ್ನೊಂದು ಬೇಕು: ಕಡಲಿನ ದೂರದ ದನಿಗೆ ಮಲ್ಪೆ, ಕಾಪು ಕಡೆಯ ಮೀನುಗಾರರ ಮನೆಗಳಲ್ಲಿ ಬಳಸುವ ಪದ ಯಾವುದು? ಅಬ್ಬರಕ್ಕಲ್ಲ, ಬಾಗಿಲು ಹಾಕಿದ ಮೇಲೂ ಕೇಳುವ ದನಿಗೆ.

ಇನ್ನು ಮಲೆನಾಡಿನವರು, ಬಯಲುಸೀಮೆಯವರು, ಕಡಲೇ ಇಲ್ಲದ ಊರಿನವರು. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ‘ಮೊರೆ’ ಈಗಲೂ ಇದೆಯೇ? ಇದ್ದರೆ ಮೊರೆಯುವುದು ಏನು? ಗಾಳಿಯೇ, ಜೇನುಗೂಡೇ, ಹಿಟ್ಟಿನ ಗಿರಣಿಯೇ? ವಾಕ್ಯ ಸಮೇತ ಬರೆಯಿರಿ, ಊರಿನ ಹೆಸರು ಹಾಕಿ. ವಿವರಣೆಯ ಹಾಳೆ ಅಚ್ಚಿಗೆ ಹೋಗಲು ಇನ್ನು ಹನ್ನೆರಡು ದಿನ ಇದೆ.