ಹಂದಿ ಹೊಡೆಯುವ ರೈಫಲಿನ ತೋಟೆಗೆ ಮದ್ದು, ಗುಂಡುಗಳನ್ನು ನಾವೇ ತುಂಬಿಕೊಂಡರೆ ಗುರಿ ಸರಿಹೋಗುವುದೇ?

ಪ್ರಶ್ನೆ (ಬದಿಯಡ್ಕ ಕಡೆಯ ಕೃಷಿಕ):

ಎಲ್ಲರಿಗೂ ನಮಸ್ಕಾರ. ಮಾವನವರ ಕಾಲದ .315 ರೈಫಲಿನ ಲೈಸೆನ್ಸ್ ನನ್ನ ಹೆಸರಿಗೆ ಬಂದು ಆರು ವರ್ಷಗಳಾದುವು. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ನೀಡಿದ ಮೇಲೆ, ನಮ್ಮ ಪಂಚಾಯತಿನ ಕೋವಿಯವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿದೆ. ಕಳೆದ ತಿಂಗಳು ಮರಗೆಣಸಿನ ಗದ್ದೆಯಲ್ಲಿ ಸುಮಾರು 50 ಮೀಟರ್ ದೂರದಿಂದ ಹಾರಿಸಿದ ಈಡು ಹಂದಿಯ ಭುಜಕ್ಕೆ ತಾಗದೆ ಹೊಟ್ಟೆಗೆ ತಾಗಿ, ಅದು ಗಾಯಗೊಂಡು ಗುಡ್ಡ ಹತ್ತಿತು. ಮರುದಿನ ಮಧ್ಯಾಹ್ನದವರೆಗೆ ಹುಡುಕಿದ ಮೇಲೆಯೇ ಅದು ಸಿಕ್ಕಿದ್ದು. ಅದರ ನೋವನ್ನು ನೆನೆದು ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಬಳಿಕ ಲೈಸೆನ್ಸ್ ಇರುವ ರೇಂಜಿನಲ್ಲಿ 50 ಮೀಟರಿಗೆ ಐದು ಈಡು ಹಾರಿಸಿ ನೋಡಿದಾಗ ತೂತುಗಳು 12 ಸೆಂಟಿಮೀಟರ್ ಅಗಲಕ್ಕೆ ಚದುರಿದ್ದುವು. ಅಮೆರಿಕದ ಮೊಂಟಾನಾದಲ್ಲಿರುವ ಅಕ್ಕನ ಮಗ ತನ್ನ ಬೇಟೆ ರೈಫಲಿಗೆ ಬೇಕಾದ ತೋಟೆಗಳನ್ನು ಮನೆಯಲ್ಲೇ ತುಂಬುತ್ತಾನೆ, ಅಂದರೆ ಚಿಪ್ಪಿಗೆ ಮದ್ದು ಹಾಕಿ ಗುಂಡು ಕೂರಿಸಿ ತಾನೇ ತಯಾರಿಸುತ್ತಾನೆ. 100 ಮೀಟರಿಗೆ ಅವನ ಐದು ಗುಂಡುಗಳು ಒಂದು ಅಡಿಕೆಯ ಅಗಲದೊಳಗೆ ಬೀಳುತ್ತವೆ. ನಾನೂ ಹಾಗೆ ಮಾಡಬಹುದೇ?

ಉತ್ತರ 1 (ಸೇನೆಯಲ್ಲಿ ಆಯುಧ ದುರಸ್ತಿ ವಿಭಾಗದಲ್ಲಿದ್ದವನು, ಮುಳ್ಳೇರಿಯ):

ಮಾಡಬಾರದು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನಿನ ಪ್ರಕಾರ ಕೋವಿಯನ್ನಾಗಲಿ ತೋಟೆಯನ್ನಾಗಲಿ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು, ಮತ್ತು ತಪ್ಪಿದರೆ ಆಗುವುದು ದಂಡ ಕಟ್ಟಿ ಮುಗಿಯುವ ಶಿಕ್ಷೆಯಲ್ಲ, ಜೈಲು.

ಆದರೆ ನಿಮ್ಮ ಅಳತೆಯನ್ನು ಓದಿದಾಗಲೇ ನನಗೆ ಅನ್ನಿಸಿದ್ದು, ತೊಂದರೆ ಇರುವುದು ತೋಟೆಯಲ್ಲಿ ಅಲ್ಲ ಎಂದು. 50 ಮೀಟರಿಗೆ 12 ಸೆಂಟಿಮೀಟರ್ ಎಂದರೆ 100 ಮೀಟರಿಗೆ 24. ತೋಟೆಯಿಂದ ತೋಟೆಗೆ ಮದ್ದಿನ ತೂಕ ತುಸು ವ್ಯತ್ಯಾಸವಾದುದರಿಂದ ಮಾತ್ರ ಇಷ್ಟು ಚದುರುವುದಿಲ್ಲ. ಮೊದಲು ನಳಿಗೆಯನ್ನು ಮರಕ್ಕೆ ಬಿಗಿದಿರುವ ಸ್ಕ್ರೂಗಳನ್ನು ನೋಡಿಸಿ. ನಮ್ಮ ಮಳೆಗಾಲದಲ್ಲಿ ಕೋವಿಯ ಮರ ನೀರು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಾಗೆ ಕುಗ್ಗಿದಾಗ ಬಿಗಿಯಾಗಿದ್ದ ಸ್ಕ್ರೂ ಸಡಿಲವಾಗಿ ಪ್ರತಿ ಈಡಿಗೂ ನಳಿಗೆ ಬೇರೆ ಬೇರೆ ಕಡೆ ಕುಳಿತುಕೊಳ್ಳುತ್ತದೆ. ಎರಡನೆಯದು ನಳಿಗೆಯ ಬಾಯಿ. ಬಟ್ಟೆ ಕಟ್ಟಿದ ಹಗ್ಗವನ್ನು ಎಳೆದು ಒರೆಸುವ ಹಳೆಯ ಕೋವಿಗಳಲ್ಲಿ, ಹಗ್ಗವನ್ನು ಪ್ರತಿ ಸಲ ಒಂದೇ ಕಡೆಗೆ ವಾಲಿಸಿ ಎಳೆದರೆ ಬಾಯಿಯ ಅಂಚು ಅಲ್ಲಿಯೇ ಸವೆಯುತ್ತದೆ. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ತೆಗೆದಿಟ್ಟು, ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ಹತ್ತಿಯ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಅಂಚಿನುದ್ದಕ್ಕೂ ನಿಧಾನವಾಗಿ ಸವರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಬೀಳುತ್ತದೆಯೋ ಅಲ್ಲಿ ಮುಕ್ಕಾಗಿದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಹಿಂದಿನಿಂದ ಬರುವ ಹೊಗೆ ಆ ಮುಕ್ಕಿನಲ್ಲಿ ಮೊದಲು ನುಗ್ಗಿ ಗುಂಡಿನ ಬುಡವನ್ನು ಓರೆ ಮಾಡುತ್ತದೆ. ದುರಸ್ತಿಯನ್ನು ಲೈಸೆನ್ಸ್ ಇರುವ ಕೋವಿ ದುರಸ್ತಿಗಾರರಲ್ಲೇ ಮಾಡಿಸಿ.

ಉತ್ತರ 2 (ಊರು ಎಣ್ಮಕಜೆ, ಈಗ ಅಮೆರಿಕದಲ್ಲಿ ಉದ್ಯೋಗ):

ಹತ್ತು ವರ್ಷಗಳಿಂದ ಇಲ್ಲಿಯ ಕಾನೂನಿನಂತೆ ನಾನೇ ತೋಟೆ ತುಂಬುತ್ತಿರುವುದರಿಂದ ಹೇಳುತ್ತೇನೆ: ಅದರ ಗುಟ್ಟು ಹೆಚ್ಚು ಮದ್ದಿನಲ್ಲಿ ಇಲ್ಲ, ಒಂದು ತೋಟೆ ಇನ್ನೊಂದರಂತೆಯೇ ಇರುವುದರಲ್ಲಿ ಇದೆ. ಒಂದೇ ಗುಂಪಿನ ಹಿತ್ತಾಳೆ ಚಿಪ್ಪುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಪ್ರತಿ ಚಿಪ್ಪಿಗೂ ಮದ್ದನ್ನು ಒಂದು ಗ್ರೇನಿನ ಹತ್ತನೇ ಒಂದು ಭಾಗದವರೆಗೆ, ಅಂದರೆ ಸುಮಾರು 6.5 ಮಿಲಿಗ್ರಾಮಿನವರೆಗೆ ತೂಗಿ, ಗುಂಡನ್ನು ಎಲ್ಲದರಲ್ಲೂ ಒಂದೇ ಆಳಕ್ಕೆ ಕೂರಿಸುತ್ತೇವೆ. ಮದ್ದಿನ ಪ್ರಮಾಣವನ್ನು ಪ್ರಕಟಿತ ಕೈಪಿಡಿಯ ಕೆಳಗಿನ ಮಿತಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ವೇಗಮಾಪಕದಲ್ಲಿ ಗುಂಡಿನ ವೇಗ ಒಂದರಿಂದ ಒಂದಕ್ಕೆ ಹೆಚ್ಚು ಬದಲಾಗದ ಮತ್ತು ಗುರಿಹಲಗೆಯಲ್ಲಿ ತೂತುಗಳು ಒತ್ತಾಗಿ ಬೀಳುವ ಜಾಗವನ್ನು ಹುಡುಕುತ್ತೇವೆ. ನಳಿಗೆಯು ಈಡಿನ ಹೊತ್ತಿಗೆ ಬಾರಕೋಲಿನಂತೆ ಕಂಪಿಸುತ್ತದೆ. ಗುಂಡು ಪ್ರತಿ ಸಲವೂ ಆ ಕಂಪನದ ಅದೇ ಹಂತದಲ್ಲಿ ಹೊರಬೀಳಬೇಕು. ಆದ್ದರಿಂದಲೇ ಒಂದು ರೈಫಲಿಗೆ ಒಗ್ಗಿದ ಪ್ರಮಾಣ ಅದೇ ಕಂಪೆನಿಯ ಇನ್ನೊಂದಕ್ಕೆ ಒಗ್ಗದಿರಬಹುದು. ಮೊಂಟಾನಾದ ಚಳಿಯಲ್ಲಿ ಸರಿಯಿದ್ದ ಪ್ರಮಾಣ ಕಾಸರಗೋಡಿನ ಏಪ್ರಿಲ್ ಬಿಸಿಲಿಗೆ ಒತ್ತಡದ ಮಿತಿಯನ್ನೇ ಮೀರಬಹುದು. ಅಕ್ಕನ ಮಗನ ಲೆಕ್ಕವನ್ನು ಕೇಳಿ ಬರೆದುಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ನೀವು ಕಾನೂನಿನೊಳಗೇ ಮಾಡಬಹುದಾದದ್ದು, ಒಂದೇ ಲಾಟ್ ನಂಬರಿನ, ಅಂದರೆ ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ, ತೋಟೆಗಳನ್ನು ಕೊಳ್ಳುವುದು. ನೀವು ರೇಂಜಿನಲ್ಲಿ ಹಾರಿಸಿದ ಐದೂ ಒಂದೇ ಪೆಟ್ಟಿಗೆಯವೇ?

ಪ್ರಶ್ನೆ ಕೇಳಿದವರು:

ಅಲ್ಲ. ಮೂರು ಹೊಸ ಪೆಟ್ಟಿಗೆಯವು, ಎರಡು ಮಾವನವರ ಕಾಲದಿಂದ ಉಳಿದವು. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಹತ್ತಿಯ ಕಡ್ಡಿಯನ್ನು ಸವರಿದಾಗ ನಳಿಗೆಯ ಬಾಯಿಯ ಕೆಳಬದಿಯಲ್ಲಿ ಎಳೆ ಸಿಕ್ಕಿತು. ಮುಂಬದಿಯ ಸ್ಕ್ರೂ ಕೈಯಲ್ಲೇ ಕಾಲು ಸುತ್ತು ತಿರುಗಿತು.

ಉತ್ತರ 1ರವರು:

ಹಾಗಾದರೆ ಅದೇ ಕಾರಣ. ದುರಸ್ತಿಯಾದ ಮೇಲೆ ಮರಳಿನ ಚೀಲವನ್ನು ನಳಿಗೆಯ ಅಡಿಗಲ್ಲ, ಮರದ ಅಡಿಗೆ ಕೊಡಿ. ಈಡಿನಿಂದ ಈಡಿಗೆ ನಳಿಗೆ ತಣಿಯಲು ಬಿಡಿ. ಮೂರು ತೂತುಗಳು ಹತ್ತಿರ ಬಿದ್ದರೆ ಸಂತೋಷಪಡಬೇಡಿ, ಐದು ನೋಡಿ. ಗದ್ದೆಯಲ್ಲಿ ಲೆಕ್ಕಕ್ಕೆ ಬರುವುದಾದರೋ ತಣ್ಣಗಿನ ನಳಿಗೆಯ ಮೊದಲನೆಯ ಈಡು. ಅದು ಎಲ್ಲಿ ಬೀಳುತ್ತದೆಂದು ಬೇರೆ ಬೇರೆ ದಿನ ಹೋಗಿ ಗುರುತಿಸಿಕೊಳ್ಳಿ.

ಪ್ರಶ್ನೆ ಕೇಳಿದವರು (ಐದು ವಾರಗಳ ಬಳಿಕ):

ದುರಸ್ತಿಗಾರರು ನಳಿಗೆಯ ಬಾಯಿಯ ಅಂಚನ್ನು ಸಮ ಮಾಡಿ, ಸ್ಕ್ರೂ ಕೂರುವಲ್ಲಿ ಮರವನ್ನು ಗಟ್ಟಿಗೊಳಿಸಿ ಕೊಟ್ಟರು. ಒಂದೇ ಲಾಟಿನ ಐದು ತೋಟೆಗಳು ಈಗ 50 ಮೀಟರಿಗೆ 5 ಸೆಂಟಿಮೀಟರಿನೊಳಗೆ ಬೀಳುತ್ತಿವೆ. ಬೇರೆ ಬೇರೆ ಮೂರು ದಿನಗಳ ಮೊದಲ ಈಡುಗಳೂ ಅದರೊಳಗೇ ಇವೆ. ಹಳೆಯ ತೋಟೆಗಳನ್ನು ಬೇರೆಯಾಗಿ ಇಟ್ಟಿದ್ದೇನೆ, ಅವನ್ನು ಹಂದಿಯ ಮೇಲೆ ಹಾರಿಸುವುದಿಲ್ಲ. ಪಂಚಾಯತಿನಿಂದ ಮುಂದಿನ ಕರೆ ಬಂದಾಗ 40 ಮೀಟರಿಗಿಂತ ದೂರದ್ದಕ್ಕೂ, ಭುಜ ಕಾಣದೆ ನಿಂತದ್ದಕ್ಕೂ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ ಎಂದು ಜೊತೆಗೆ ಬರುವವರಿಗೆ ಈಗಲೇ ತಿಳಿಸಿದ್ದೇನೆ.