ಹೊಸ ಇನ್‌ಸೋಲ್ ಹಾಕಿದ ಮೇಲೆ ಸ್ಕೀ ಬೂಟಿನಲ್ಲಿ ಕಾಲು ಜೋಮು ಹಿಡಿಯುತ್ತಿದೆ

ಬೆಳ್ಳಿಮಂಜು:
ಎಲ್ಲರಿಗೂ ನಮಸ್ಕಾರ. ಇರುವುದು ಮ್ಯೂನಿಕ್‌ನಲ್ಲಿ, ಸ್ಕೀಯಿಂಗ್ ಕಲಿತು ಇದು ಮೂರನೇ ಚಳಿಗಾಲ. ನನ್ನದು ಚಪ್ಪಟೆ ಪಾದ. ನಿಂತು ಅಳೆದರೆ 26.3 ಸೆಂ.ಮೀ., ಬೂಟು 26.5. ಮೊದಲು ಕಾಲಿನ ಒಳಬದಿಯ ಗಿಣ್ಣಿನ ಕೆಳಗೆ ಮಾತ್ರ ನೋವಿತ್ತು. ಅದಕ್ಕೇ ದುಡ್ಡು ಸುರಿದು ಪಾದದ ಅಚ್ಚು ಕೊಟ್ಟು ಇನ್‌ಸೋಲ್ (ಬೂಟಿನೊಳಗೆ ಅಂಗಾಲಿನಡಿ ಇಡುವ ಪದರ) ಮಾಡಿಸಿದೆ. ಈಗ ಎರಡು ಸಲ ಇಳಿಯುವಷ್ಟರಲ್ಲಿ ಬೆರಳೆಲ್ಲ ಜೋಮು, ಪಾದದ ಮೇಲ್ಭಾಗ ಸಿಡಿಯುತ್ತದೆ. ಶನಿವಾರ ಗಾರ್ಮಿಶ್‌ನಲ್ಲಿ ಲಿಫ್ಟ್ ಹತ್ತಿದಾಗೆಲ್ಲ ಬಕಲ್ ಬಿಚ್ಚುವುದೇ ಕೆಲಸವಾಯಿತು. ಇನ್ನೂ ಎತ್ತರದ ಇನ್‌ಸೋಲ್ ಬೇಕಾ, ಬೂಟೇ ಬದಲಿಸಬೇಕಾ?

ಬೂಟುಬಂಟ:
ಸ್ವಲ್ಪ ತಡೀರಿ, ದುಡ್ಡು ಬಿಚ್ಚಬೇಡಿ. ಲೈನರ್ (ಒಳಗಿನ ಮೆತ್ತನೆಯ ಬೂಟು) ಹೊರಗೆ ತೆಗೆದು ಬರೀ ಶೆಲ್‌ನೊಳಗೆ, ಅಂದರೆ ಹೊರಗಿನ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನೊಳಗೆ, ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿ ಹಿಂದೆ ಒಂದರಿಂದ ಎರಡು ಬೆರಳಿನ ದಪ್ಪದಷ್ಟು ಜಾಗ ಇರಬೇಕು. ಜಾಸ್ತಿ ಇದ್ದರೆ ಬೂಟು ದೊಡ್ಡದು, ಯಾವ ಇನ್‌ಸೋಲೂ ಅದನ್ನು ಸರಿಮಾಡದು. (ಸಾಮಾನ್ಯವಾಗಿ 26ಕ್ಕೂ 26.5ಕ್ಕೂ ಶೆಲ್ ಒಂದೇ. ಅರ್ಧ ಸೈಜ್ ಸುಮ್ನೆ ಹೆಸರಿಗೆ.) ಅಂದಹಾಗೆ, ಲೈನರ್ ಜೊತೆ ಬಂದ ಹಳೇ ಇನ್‌ಸೋಲ್ ತೆಗೆದಿದ್ದೀರಿ ಅಲ್ವಾ?

ಬೆಳ್ಳಿಮಂಜು:
ಒಂದೂವರೆ ಬೆರಳು ಜಾಗ ಇದೆ. ಹಳೇದು... ಅದರ ಮೇಲೆಯೇ ಹೊಸದನ್ನು ಇಟ್ಟಿದ್ದೇನೆ. ಮೆತ್ತಗಿರಲಿ ಅಂತ!

ಬೂಟುಬಂಟ:
ಕಳ್ಳ ಸಿಕ್ಕಿಬಿದ್ದ. ಓಡುವ ಶೂ ಆದರೆ ಮೇಲಿನ ಬಟ್ಟೆ ಹಿಗ್ಗುತ್ತದೆ. ಇಲ್ಲಿ ಮೇಲಿರುವುದು ಗಟ್ಟಿ ಪ್ಲಾಸ್ಟಿಕ್. ಅಡಿಯಲ್ಲಿ 3 ಮಿ.ಮೀ. ಏರಿಸಿದರೆ ಪಾದದ ಬೆನ್ನು ಅಷ್ಟೇ ಮೇಲೆ ಹೋಗಿ ಒತ್ತಿಕೊಳ್ಳುತ್ತದೆ. ಬೆರಳಿಗೆ ಹೋಗುವ ನರ, ರಕ್ತನಾಳ ಅಲ್ಲಿ ಮೂಳೆಯ ಮೇಲೆ, ಚರ್ಮದ ಕೆಳಗೇ ಇವೆ. ಜೋಮು ಹಿಡಿಯದೆ ಇನ್ನೇನು? ಹಳೇದನ್ನು ಕಿತ್ತುಹಾಕಿ. ಹೊಸದು ಲೈನರ್ ಒಳಗೆ ಅಲ್ಲಾಡದೆ ಕೂರಬೇಕು, ಅಂಚು ಮಡಚಿದ್ದರೆ ಕತ್ತರಿಸಿ. ಕಾಲುಚೀಲ ತೆಳ್ಳಗಿನದು, ಒಂದೇ. ಕೆಳಗಿನ ಎರಡು ಬಕಲ್ ಸುಮ್ನೆ ಸಿಕ್ಕಿಸಿದಷ್ಟೇ ಇರಲಿ, ಬಿಗಿ ಮೇಲಿನವುಗಳಲ್ಲಿ.

ಮಂಜಿನಹಾದಿ:
ಎತ್ತರದ ಇನ್‌ಸೋಲ್ ಆಸೆ ಬಿಡಿ. ನಾನೂ ಆ ತಪ್ಪು ಮಾಡಿ ಅಂಗಾಲು ಸೆಳೆತ ತಂದುಕೊಂಡೆ. ಇನ್‌ಸೋಲ್ ಇರುವುದು ಅಂಗಾಲಿನ ಕಮಾನನ್ನು ಮೇಲಕ್ಕೆ ತಳ್ಳುವುದಕ್ಕಲ್ಲ. ಭಾರ ಬಿದ್ದಾಗ ಚಪ್ಪಟೆ ಪಾದ ಒಳಕ್ಕೆ ವಾಲುತ್ತದೆ, ಉದ್ದ ಅಗಲ ಎರಡೂ ಹೆಚ್ಚುತ್ತದೆ, ಮಂಡಿಯೂ ಜೊತೆಗೆ ಒಳಕ್ಕೆ ಬರುತ್ತದೆ. ಅದನ್ನು ತಡೆದರೆ ಸಾಕು. ನಿಮ್ಮ ಮೊದಲಿನ ನೋವೂ ಅದರದ್ದೇ ಇರಬೇಕು.

ಬೆಳ್ಳಿಮಂಜು:
ಹಳೇದು ತೆಗೆದು, ಬೂಟು ಹಾಕಿಕೊಂಡೇ ಒಂದು ಗಂಟೆ ಅಡುಗೆಮನೆಯಲ್ಲಿ ಓಡಾಡಿದೆ. ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಜೋಮು ಮಾಯ! ಗಿಣ್ಣಿನ ಕೆಳಗಿನ ಮೂಳೆ ಮಾತ್ರ ಇನ್ನೂ ಸ್ವಲ್ಪ ಚುರುಗುಟ್ಟುತ್ತದೆ.

ಬೂಟುಬಂಟ:
ಆ ಮೂಳೆಗೆ ಲಿಪ್‌ಸ್ಟಿಕ್ ಹಚ್ಚಿ, ಲೈನರ್ ಇಲ್ಲದೆ ಶೆಲ್‌ನಲ್ಲಿ ನಿಂತು ಮಂಡಿ ಮುಂದಕ್ಕೆ ಬಾಗಿಸಿ. ಗುರುತು ಬಿದ್ದ ಕಡೆ ಅಂಗಡಿಯವರು ಪ್ಲಾಸ್ಟಿಕ್ ಬಿಸಿ ಮಾಡಿ ಹೊರಕ್ಕೆ ಉಬ್ಬಿಸಿ ಕೊಡುತ್ತಾರೆ. ಮನೆಯಲ್ಲಿ ಹೀಟ್ ಗನ್ ಹಿಡಿಯಬೇಡಿ. ಲಿಪ್‌ಸ್ಟಿಕ್ ಹೆಂಡತಿಯನ್ನು ಕೇಳಿ ತಗೊಳ್ಳಿ.