ಮಣ್ಣಿನ ಗುಂಡಿಯಲ್ಲಿ ಗೈಗರ್ ಕೌಂಟರ್ ಜಾಸ್ತಿ ತೋರಿಸುತ್ತಿದೆ, ಹೆದರಬೇಕಾ?

ಟಿಕ್‌ಟಿಕ್:
ಸುಮ್ನೆ ಕುತೂಹಲಕ್ಕೆ ಒಂದು ಗೈಗರ್ ಕೌಂಟರ್ (ವಿಕಿರಣ ಅಳೆಯುವ ಉಪಕರಣ) ತಗೊಂಡೆ. ಹಿತ್ತಲಲ್ಲಿ ನೆಲದ ಮೇಲೆ ಇಟ್ಟರೆ ಗಂಟೆಗೆ 0.11 ಮೈಕ್ರೋಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ಗಿಡ ನೆಡೋಕೆ ತೆಗೆದ ಗುಂಡಿಯೊಳಗೆ ಇಳಿಸಿದರೆ 0.17ಕ್ಕೆ ಏರಿತು, ಟಿಕ್ ಟಿಕ್ ಸದ್ದೂ ಜೋರಾಯಿತು. ಮಕ್ಕಳು ದಿನಾ ಅದೇ ಮಣ್ಣಲ್ಲಿ ಆಡುತ್ತಾರೆ. ಮಣ್ಣು ತೆಗೆಸಿ ಬೇರೆ ಹಾಕಿಸಬೇಕಾ?

ಕಲ್ಲುಬಂಡೆ:
ತೆಗೆಸಬೇಡಿ, ಹೊಸದಾಗಿ ಹಾಕಿಸಿದ ಮಣ್ಣೂ ಟಿಕ್ ಅನ್ನುತ್ತದೆ! ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40, ಹೀಗೆ ತಾವಾಗೇ ವಿಕಿರಣ ಸೂಸುವ ವಸ್ತುಗಳು ಇಲ್ಲದ ಮಣ್ಣೇ ಇಲ್ಲ. ಜಗತ್ತಿನ ಸರಾಸರಿ ನೋಡಿದರೆ ಒಂದು ಕೆಜಿ ಮಣ್ಣಲ್ಲಿ ಪೊಟ್ಯಾಸಿಯಂ-40 ಸುಮಾರು 400 ಬೆಕೆರೆಲ್ ಇರುತ್ತದೆ, ಅಂದರೆ ಸೆಕೆಂಡಿಗೆ 400 ಪರಮಾಣು ಒಡೆಯುತ್ತವೆ. ನಮ್ಮ ಮೈಯಲ್ಲೇ ಅದು 4000 ಬೆಕೆರೆಲ್‌ನಷ್ಟಿದೆ. ಗುಂಡಿಯಲ್ಲಿ ಯಾಕೆ ಏರಿತು ಅಂದರೆ, ನೆಲದ ಮೇಲೆ ಇಟ್ಟಾಗ ಮಣ್ಣು ಕೆಳಗಡೆ ಮಾತ್ರ, ಗುಂಡಿಯಲ್ಲಿ ಸುತ್ತಲೂ ಮಣ್ಣು. ಅಷ್ಟೇ. ವರ್ಷವಿಡೀ ಆ ಗುಂಡಿಯಲ್ಲೇ ಕೂತರೂ 1.5 ಮಿಲಿಸೀವರ್ಟ್ (1500 ಮೈಕ್ರೋಸೀವರ್ಟ್) ಆಗುತ್ತದೆ. ಎಲ್ಲಾ ನೈಸರ್ಗಿಕ ಮೂಲಗಳಿಂದ ಒಬ್ಬರಿಗೆ ವರ್ಷಕ್ಕೆ ಸಿಗುವ ಜಾಗತಿಕ ಸರಾಸರಿಯೇ 2.4.

ಕಿಟಕಿತೆರೆ:
ಆ 2.4ರಲ್ಲಿ ಅರ್ಧದಷ್ಟು ರೇಡಾನ್‌ನಿಂದ ಬರುವುದು, ಅದನ್ನ ಬಿಟ್ಟುಬಿಟ್ಟರಲ್ಲ. ಮಣ್ಣಿನ ಯುರೇನಿಯಂ ಒಡೆಯುತ್ತಾ ಒಡೆಯುತ್ತಾ ರೇಡಿಯಂ ಆಗಿ, ಆಮೇಲೆ ರೇಡಾನ್ ಅನ್ನೋ ಗ್ಯಾಸ್ ಆಗುತ್ತದೆ. ಬಯಲಲ್ಲಿ ಗಾಳಿಗೆ ಹಾರಿಹೋಗುತ್ತದೆ, ಆದರೆ ನೆಲದ ಬಿರುಕು, ಪೈಪ್ ಪಕ್ಕದ ಸಂದಿಯಿಂದ ಮನೆಯೊಳಗೆ ನುಗ್ಗಿದರೆ ಮುಚ್ಚಿದ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ಅದರಿಂದ ಹುಟ್ಟುವ ಪೊಲೋನಿಯಂ ಧೂಳಿಗೆ ಅಂಟಿಕೊಂಡು ಶ್ವಾಸಕೋಶಕ್ಕೆ ಹೋಗುತ್ತದೆ. ಅದು ಉಗುಳುವ ಆಲ್ಫಾ ಕಣವನ್ನ (ಒಂದು ಬಗೆಯ ವಿಕಿರಣ) ಹೊರಗಡೆ ಒಂದು ಹಾಳೆ ತಡೆಯುತ್ತದೆ, ಶ್ವಾಸಕೋಶದೊಳಗೆ ತಡೆಯೋಕೆ ಏನಿದೆ? ಮನೆ ಗಾಳಿಯಲ್ಲಿ ಒಂದು ಘನಮೀಟರ್‌ಗೆ 100 ಬೆಕೆರೆಲ್ ಏರಿದಂತೆಲ್ಲ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸುಮಾರು 16% ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100ರ ಒಳಗಿರಲಿ, ಆಗದಿದ್ದರೂ 300 ದಾಟಬಾರದು ಅನ್ನೋದು ಅವರ ಸಲಹೆ. ಸಿಗರೇಟ್ ಸೇದುವವರಿಗಂತೂ ಅಪಾಯ ತುಂಬಾ ಜಾಸ್ತಿ.

ಟಿಕ್‌ಟಿಕ್:
ಹಾಗಾದರೆ ಕೌಂಟರನ್ನ ನೆಲಮಾಳಿಗೆಯಲ್ಲಿ ಇಟ್ಟು ನೋಡಲಾ?

ಕಿಟಕಿತೆರೆ:
ಅದರಲ್ಲಿ ಗೊತ್ತಾಗುವುದಿಲ್ಲ. ನಿಮ್ಮದು ಎಣಿಸುವುದು ಹೆಚ್ಚಾಗಿ ಗಾಮಾ ಕಿರಣ, ರೇಡಾನ್ ಉಗುಳುವುದು ಆಲ್ಫಾ. ರೇಡಾನ್‌ಗೆ ಅಂತಲೇ ಪುಟ್ಟ ಡಬ್ಬಿ ಬರುತ್ತದೆ, ಒಳಗೊಂದು ಪ್ಲಾಸ್ಟಿಕ್ ಚೂರು, ಆಲ್ಫಾ ಬಡಿದಲ್ಲೆಲ್ಲ ಅದರ ಮೇಲೆ ಗೀರು ಬೀಳುತ್ತದೆ. ಮೂರು ತಿಂಗಳಾದರೂ ಇಟ್ಟು ಲ್ಯಾಬ್‌ಗೆ ಕಳಿಸಬೇಕು. ರೇಡಾನ್ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಎರಡು ದಿನದ ಲೆಕ್ಕ ನಂಬಬೇಡಿ.

ಮರಳುಗಾಡಿ:
ಮಣ್ಣಿನ ಮಾತು ಬಂದಾಗ ಕೇರಳದ ಕರುನಾಗಪಳ್ಳಿ ನೆನಪಿಗೆ ಬರುತ್ತದೆ. ಅಲ್ಲಿ ಕಡಲ ಮರಳಲ್ಲಿ ಮೊನಜೈಟ್ ಅನ್ನೋ ಖನಿಜ, ಅದರಲ್ಲಿ ಥೋರಿಯಂ, ಹಾಗಾಗಿ ವಿಕಿರಣ ಜಾಸ್ತಿ. ಸುಮಾರು 70 ಸಾವಿರ ಜನರನ್ನ ಸರಾಸರಿ 10 ವರ್ಷ ಗಮನಿಸಿ 2009ರಲ್ಲಿ ವರದಿ ಕೊಟ್ಟರು, ಕ್ಯಾನ್ಸರ್ ಜಾಸ್ತಿ ಆಗಿದ್ದು ಕಾಣಲಿಲ್ಲ. ಹಾಗಂತ ಅಪಾಯ ಸೊನ್ನೆ ಅಂತಲ್ಲ, ತೀರಾ ಸಣ್ಣ ಅಪಾಯ ಇಂಥ ಲೆಕ್ಕದಲ್ಲಿ ಸಿಕ್ಕಿಬೀಳುವುದಿಲ್ಲ ಅಲ್ವಾ.

ಟಿಕ್‌ಟಿಕ್:
ಸರಿ, ಗಿಡ ನೆಟ್ಟು ಗುಂಡಿ ಮುಚ್ಚಿದೆ. ಡಬ್ಬಿಯನ್ನ ನೆಲಮಾಳಿಗೆಯಲ್ಲಿ ಇಡುತ್ತೇನೆ. ದಿನಕ್ಕೆ ಎಂಟು ಗಂಟೆ ನಾನು ಕೂತು ಕೆಲಸ ಮಾಡುವುದು ಅಲ್ಲೇ, ಕಿಟಕಿಯೂ ಇಲ್ಲ.